ವೇದವತಿಯ ಕೊರತೆ

ಫಾರಂ ಮೇಜಿನ ಮೇಲಿಟ್ಟು ವೇದವತಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಫಿಸಿಕ್ಸ್ ಮೇಷ್ಟ್ರು ಸೇತುರಾಮ ಕನ್ನಡಕ ಏರಿಸಿಕೊಂಡು ತಿರುವಿಹಾಕಿದರು. ಅಮೆರಿಕದ ಒಂದು ಕಾಲೇಜಿನ ಅರ್ಜಿ. ಬಿ.ಇ. ಮುಗಿಸಿ ಅಲ್ಲಿಗೆ ಹೋಗುವ ಹುಡುಗರ ವಿಷಯ ಅವರು ಕೇಳಿದ್ದರು. ಪಿಯುಸಿ ಆದ ಕೂಡಲೇ ಅಲ್ಲೇ ಡಿಗ್ರಿ ಓದುತ್ತೇನೆಂದು ಹೊರಟವರನ್ನು, ಯಶವಂತಪುರದ ಈ ಹೆಣ್ಣುಮಕ್ಕಳ ಕಾಲೇಜಿಗೆ ಬಂದಾಗಿನಿಂದ ಒಬ್ಬರನ್ನೂ ಕಂಡಿರಲಿಲ್ಲ. ಪಾಠ ಹೇಳಿದವರು ಶಿಫಾರಸು ಬರೆದುಕೊಡಬೇಕಂತೆ. ಎರಡು ಪುಟದ ತುಂಬ ಪ್ರಶ್ನೆಗಳು. ಅವರ ಮುಂದೆ ತಿದ್ದಬೇಕಾದ ಉತ್ತರಪತ್ರಿಕೆಗಳ ಮೂರು ಕಟ್ಟು ಬೇರೆ ಕೂತಿದ್ದವು.

“ನೀನೇ ತುಂಬ್ಕೊಂಡು ಬಾರಮ್ಮ, ಸೈನ್ ಹಾಕ್ಕೊಡ್ತೀನಿ,” ಎಂದರು.

“ನೀವೇ ಬರೀಬೇಕಂತೆ ಸರ್. ನಾನು ಓದ್ಲೂಬಾರ್ದಂತೆ.”

ಅದೆಲ್ಲ ಅವರ ದೇಶದ ರೀತಿ, ಇಲ್ಲಿ ಎಲ್ಲರೂ ಮಾಡುವುದು ಹೀಗೆಯೇ ಎಂದು ಸಮಾಧಾನ ಹೇಳಿದರು. ಹೊಗಳಿಕೊಳ್ಳುವುದಕ್ಕೆ ಸಂಕೋಚ ಬೇಡ ಎಂದೂ ಸೇರಿಸಿ ಕಳಿಸಿದರು.

ಮೂರನೆಯ ದಿನ, ಗುರುವಾರ ಮಧ್ಯಾಹ್ನ, ಅವಳು ಫಾರಂ ತಂದುಕೊಟ್ಟಳು. ಸರ್ ಏನಾದರೂ ತಿದ್ದಿದರೆ ಅನುಕೂಲವಾಗಲೆಂದು ಪೆನ್ಸಿಲ್‌ನಲ್ಲಿ ತುಂಬಿದ್ದಳು. ಸೇತುರಾಮ ಪೆನ್ನಿನ ಮುಚ್ಚಳ ತೆಗೆದು ಓದತೊಡಗಿದರು. ತರಗತಿಯಲ್ಲಿ ಎಷ್ಟನೆಯವಳು, ಲ್ಯಾಬಿನಲ್ಲಿ ಹೇಗೆ, ಎಲ್ಲಕ್ಕೂ ಚಿಕ್ಕ ಚಿಕ್ಕ ಉತ್ತರ, ಒಂದೂ ಸುಳ್ಳಲ್ಲ. ಕೊನೆಯ ಪ್ರಶ್ನೆ, ಈ ವಿದ್ಯಾರ್ಥಿಯ ಕೊರತೆಗಳೇನು ಎಂಬುದು. ಅದರ ಕೆಳಗೆ ದುಂಡಗಿನ ಇಂಗ್ಲಿಷ್ ಅಕ್ಷರದಲ್ಲಿ ಐದು ಸಾಲು ಇತ್ತು.

ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ, ಅದೇ ಇವಳ ಕೊರತೆ ಎಂದು ಬರೆದಿದ್ದಳು. ಹೋದ ವರ್ಷ ಲಿಫ್ಟಿನ ಲೆಕ್ಕ ಮಾಡಿಸುವಾಗ, ಇಳಿಯುವ ಲಿಫ್ಟು ನಿಧಾನವಾಗುತ್ತಿದ್ದರೂ ಒಳಗಿನವನ ತೂಕ ಕಡಿಮೆಯೇ ತೋರುತ್ತದೆ ಎಂದು ಮೇಷ್ಟ್ರು ಹೇಳಿಕೊಟ್ಟರು. ಅದು ತಪ್ಪು, ಆಗ ತೂಕ ಹೆಚ್ಚು ತೋರಬೇಕು ಎಂದು ಇವಳಿಗೆ ಗೊತ್ತಿತ್ತು. ಎದ್ದು ಹೇಳಲು ಹೆದರಿದಳು. ಅಷ್ಟೇ ಅಲ್ಲ, ಅಂಕ ಹೋಗಬಾರದೆಂದು ಟೆಸ್ಟಿನಲ್ಲಿ ತಪ್ಪು ಉತ್ತರವನ್ನೇ ಬರೆದು ಐದಕ್ಕೆ ಐದು ತೆಗೆದುಕೊಂಡಳು.

ಸೇತುರಾಮ ಪೆನ್ನಿನ ಮುಚ್ಚಳ ಮತ್ತೆ ಹಾಕಿದರು.

“ಇದಕ್ಕೆ ನಾನು ಸೈನ್ ಹಾಕ್ಬೇಕಾ?”

ದಾವಣಿಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಅವಳೆಂದಳು, “ಕೊರತೆ ಏನು ಅಂತ ಕೇಳಿದ್ದಾರೆ ಸರ್. ನಂಗೆ ಗೊತ್ತಿರೋದು ಇದೊಂದೇ.”

ಇಟ್ಟು ಹೋಗು ಎಂದರು. ಅವಳ ಮುಖ ನೋಡಲಿಲ್ಲ.

ಅವಳು ಹೋದ ಮೇಲೆ ಬೀರುವಿನಿಂದ ತಮ್ಮ ನೋಟ್ಸ್ ತೆಗೆದರು. ಎಪ್ಪತ್ತೆರಡರಲ್ಲಿ ಬರೆದದ್ದು, ಹನ್ನೊಂದು ವರ್ಷದಿಂದ ಅದರಲ್ಲೇ ಪಾಠ. ಉತ್ತರಪತ್ರಿಕೆಯೊಂದರ ಹಿಂಬದಿಯಲ್ಲಿ ಲಿಫ್ಟು ಬರೆದು ಬಾಣದ ಗುರುತು ಹಾಕಿದರು. ಎರಡು ನಿಮಿಷ ಹಿಡಿಯಿತು. ಹುಡುಗಿ ಹೇಳಿದ್ದೇ ಸರಿ. ಪೇಟೆಯಲ್ಲಿ ಎಷ್ಟೋ ಸಲ ಅವರು ಲಿಫ್ಟಿನಲ್ಲಿ ಇಳಿದಿದ್ದರು, ನೆಲ ಹತ್ತಿರ ಬಂದಾಗ ಪಾದದ ಮೇಲೆ ಭಾರ ಬೀಳುವುದು ಅವರ ಕಾಲಿಗೆ ಗೊತ್ತೇ ಇತ್ತು. ಅದನ್ನು ನೋಟ್ಸಿನ ಜೊತೆ ಒಮ್ಮೆಯೂ ತಾಳೆ ನೋಡಿರಲಿಲ್ಲ.

ರಬ್ಬರ್ ಕೈಗೆತ್ತಿಕೊಂಡರು. ಐದು ಸಾಲು ಅಳಿಸಿ, ಬೇರೇನಾದರೂ ಬರೆದು, ಸಹಿ ಹಾಕಿದರಾಯಿತು. ಮೊದಲ ಸಾಲು ಅಳಿಸಿಯೂ ಆಯಿತು. ಆ ಜಾಗದಲ್ಲಿ ಏನು ಬರೆಯಬೇಕೆಂದು ಯೋಚಿಸಿದರೆ ಒಂದೂ ಹೊಳೆಯಲಿಲ್ಲ. ಒಂದೂವರೆ ವರ್ಷದಿಂದ ಪಾಠ ಹೇಳುತ್ತಿದ್ದ ಈ ಹುಡುಗಿಯ ರೋಲ್ ನಂಬರು, ಅಂಕ ಬಿಟ್ಟರೆ ಅವರಿಗೆ ಇನ್ನೇನೂ ತಿಳಿದಿರಲಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ.

ಕೊನೆಗೆ ಎರಡೂ ಪುಟ ಪೂರ್ತಿ ಅಳಿಸಿ, ಮೊದಲಿನಿಂದ ತಾವೇ ಪೆನ್ನಿನಲ್ಲಿ ಬರೆದರು. ಕೊರತೆಯ ಜಾಗದಲ್ಲಿ ಅವಳು ಬರೆದದ್ದನ್ನೇ ನೆನಪು ಮಾಡಿಕೊಂಡು ಬರೆದು, ಕೆಳಗೆ ಸೇರಿಸಿದರು: “ಆ ತಪ್ಪು ಮಾಡಿದವನು ನಾನು. ಹನ್ನೊಂದು ವರ್ಷದಿಂದ ಮಾಡುತ್ತಿದ್ದೆ. ಇವಳು ತಿಳಿಸಿದ ಮೇಲೆ ಗೊತ್ತಾಯಿತು.” ಲಕೋಟೆ ಅಂಟಿಸಿ, ಅಂಟಿಸಿದ ಕಡೆ ಅಡ್ಡಲಾಗಿ ಸಹಿ ಹಾಕಿ, ಮನೆಗೆ ಹೋಗುವ ದಾರಿಯಲ್ಲಿ ಆರ್.ಟಿ. ನಗರದ ಅಂಚೆ ಕಚೇರಿಯಲ್ಲಿ ತಾವೇ ರಿಜಿಸ್ಟರ್ ಮಾಡಿದರು. ಅಂಕಗಳನ್ನು ನೋಡಿಯೋ ಆ ಪತ್ರ ನೋಡಿಯೋ, ಏಪ್ರಿಲ್‌ನಲ್ಲಿ ವೇದವತಿಗೆ ಸೀಟು ಸಿಕ್ಕಿತು, ಸ್ಕಾಲರ್‌ಶಿಪ್ಪೂ ಬಂತು. ಅದು ಆಮೇಲಿನ ಮಾತು.

ಪತ್ರ ಹಾಕಿದ ಮರುದಿನ, ಮೊದಲ ಪೀರಿಯಡ್ಡಿನಲ್ಲಿ ಸೇತುರಾಮ ಬೋರ್ಡಿನ ಮೇಲೆ ಲಿಫ್ಟು ಬರೆದರು. ಹೋದ ವರ್ಷ ತಾವು ಹೇಳಿಕೊಟ್ಟದ್ದು ತಪ್ಪು ಎಂದು ಹೇಳಿ, ಸರಿಯಾದದ್ದನ್ನು ಸಾಲು ಸಾಲಾಗಿ ಮಾಡಿಸಿದರು. ಹುಡುಗಿಯರು ತಲೆ ಎತ್ತದೆ ಬರೆದುಕೊಂಡರು. ಬೆಲ್ಲಿಗೆ ಐದು ನಿಮಿಷವಿತ್ತು.

“ಇದು ತಪ್ಪು ಅಂತ ಹೋದ ವರ್ಷವೇ ಎಷ್ಟು ಜನಕ್ಕೆ ಗೊತ್ತಿತ್ತು? ಬಯ್ಯಲ್ಲ, ಕೈಯೆತ್ತಿ.”

ಎರಡನೆಯ ಬೆಂಚಿನಿಂದ ವೇದವತಿ ಕೈಯೆತ್ತಿದಳು. ಅವರು ತಲೆಯಾಡಿಸಿ, ಅಷ್ಟೇ ತಾನೆ ಎಂಬಂತೆ ಡಸ್ಟರ್ ತೆಗೆದುಕೊಳ್ಳಲು ತಿರುಗಿದರು. ಮತ್ತೆ ಇತ್ತ ತಿರುಗಿದಾಗ ಹಿಂದಿನ ಬೆಂಚಿನಲ್ಲಿ ಅಂಜಿನಮ್ಮನ ಕೈ ಮೇಲಿತ್ತು. ಕಿಟಕಿಯ ಪಕ್ಕ ಇನ್ನೆರಡು. ಬಾಗಿಲ ಕಡೆಯ ಬೆಂಚಿನಲ್ಲಿ ಮೂರು. ಸೇತುರಾಮ ಒಂದೊಂದಾಗಿ ಎಣಿಸಿಕೊಂಡು ಹೋದರು. ಹದಿನಾಲ್ಕಕ್ಕೆ ನಿಲ್ಲಿಸಿಬಿಟ್ಟರು. ಕೈಗಳು ಇನ್ನೂ ಏಳುತ್ತಿದ್ದವು.