ಏಳೂವರೆಗೆ ಒಡೆಯುವ ಚಿತ್ರ

“ಬಂದ್ ಮಾಡೋ ಆ ಮಶೀನ!” ಪವಮಾನಾಚಾರ್ಯರು ಕಾಂಪೌಂಡ್ ಗೋಡೆಯ ಮೇಲೆ ಕತ್ತು ಚಾಚಿ ಕೂಗಿದರು. “ಟೀವಿಯೊಳಗ ಸ್ವಾಮಿಗಳು ಚೂರುಚೂರು ಆಗ್ಲಿಕತ್ತಾರ!”

ಗೋಡೆಯಾಚೆ ಅಮೀರ್ ಅಲಿಯ ವೆಲ್ಡಿಂಗ್ ಅಂಗಡಿ. ಅವನು ಕೈಯಲ್ಲಿದ್ದ ಲೋಟ ಎತ್ತಿ ತೋರಿಸಿದ. “ಮಶೀನ ಇನ್ನಾ ಚಾಲೂನೇ ಮಾಡಿಲ್ರೀ ಆಚಾರ್ರ. ಚಾ ಕುಡ್ಯಾಕತ್ತೀನಿ.”

“ಹಂಗಾರ ಚಾಲೂ ಮಾಡೋ ವಿಚಾರ ಮಾಡಿರಬೇಕು!”

ಆಚಾರ್ಯರು ಒಳಗೆ ಬಂದು ಕುರ್ಚಿಯಲ್ಲಿ ಕುಳಿತರು. ಪರದೆಯ ಮೇಲೆ ಸ್ವಾಮಿಗಳ ಮುದ್ರೆಯೊಂದು ಚೌಕ, ಮುಖವೊಂದು ಚೌಕ. ಅಭಯಹಸ್ತ ಮಾತ್ರ ಎಲ್ಲೋ ಮೂಲೆಯಲ್ಲಿ ಒಂಟಿಯಾಗಿ ನಿಂತಿತ್ತು.

ಎರಡು ಸಾವಿರದ ಎಂಟರ ದಸರೆಗೆ ಬಂದ ಡಿಶ್ ಅದು. ಸೇಡಂನ ಆ ಓಣಿಗೆ ಅದೇ ಮೊದಲು. ಹಾಗಾಗಿ ಅದು ಸುಮ್ಮನೆ ಮಾಳಿಗೆಯ ಮೇಲಿದ್ದರೆ ಸಾಲದು, ಬೀದಿಯ ತುದಿಯಿಂದಲೇ ಕಾಣಬೇಕು ಎಂದು ಆಚಾರ್ಯರು ಉದ್ದನೆಯ ಕಬ್ಬಿಣದ ಪೈಪಿಗೆ ಅದನ್ನು ಏರಿಸಿದ್ದರು. ಪೈಪು ಬೆಸೆದುಕೊಟ್ಟವನು ಅಮೀರ್ ಅಲಿಯೇ. ಈಗ ಅದು ಯಾರಿಗೂ ನೆನಪಿರಲಿಲ್ಲ.

ರಾತ್ರಿ ಚಿತ್ರ ಗಾಜಿನಂತೆ ಸ್ವಚ್ಛ. ಮಧ್ಯಾಹ್ನವೂ ಸ್ವಚ್ಛ. ಕೆಡುವುದು ಬೆಳಿಗ್ಗೆ ಮಾತ್ರ, ಅದೂ ಪ್ರವಚನದ ಹೊತ್ತಿಗೆ ಸರಿಯಾಗಿ. ಬರುವ ಭಾನುವಾರ ಏಳೂವರೆಗೆ ಅದೇ ಚಾನೆಲ್ಲಿನಲ್ಲಿ ಸ್ವತಃ ಆಚಾರ್ಯರ ಪ್ರವಚನ ಬರಲಿತ್ತು. ಹೈದರಾಬಾದಿಗೆ ಹೋಗಿ ಕ್ಯಾಮೆರಾದ ಮುಂದೆ ಮಾತಾಡಿ ಬಂದಿದ್ದರು. ವಿಷಯ: ಮಡಿಯ ಮಹಿಮೆ. ಗುಡಿಯಲ್ಲಿ ಅವರು ಪುರಾಣ ಹೇಳುವಾಗ ಗೋಡೆಗೊರಗಿ ನಿದ್ದೆ ಮಾಡುತ್ತಿದ್ದ ಓಣಿಯೇ ಈಗ ಎಚ್ಚರವಿದ್ದು ನೋಡಬೇಕು. ಮನೆಮನೆಗೆ ಹೋಗಿ ಕರೆದಾಗಿತ್ತು. ಇನ್ನು ಹಿಂದೆ ಸರಿಯುವಂತಿಲ್ಲ.

ಡಿಶ್ ರಿಪೇರಿಯ ಬಂದೇಅಲಿಗೆ ಹೇಳಿಕಳಿಸಿದರು. “ಕೆಡೋ ಹೊತ್ತಿಗೇ ಬರ್ತೀನ್ರಿ, ಮುಂಜಾನಿ,” ಎಂದ ಅವನು. ಸಾಧ್ಯವೇ ಇಲ್ಲ. ಮಡಿಬಟ್ಟೆ ಒಣಗುವ ತನಕ ಹೆತ್ತ ಮಗ ಕೌಸ್ತುಭನೇ ಆ ಮಾಳಿಗೆ ಹತ್ತುವಂತಿಲ್ಲ, ಇನ್ನು ಬಂದೇಅಲಿ! ಅವನು ಸಂಜೆಯೇ ಬಂದ. ನಟ್ಟು ಬಿಗಿದ. ಕೇಬಲ್ ಬದಲಿಸಿದ. ಟೀವಿ ಪಕ್ಕದ ಡಿಶ್ ಪೆಟ್ಟಿಗೆಯನ್ನೂ ಬದಲಿಸಿದ. ಪ್ರತಿಸಲವೂ ಚಿತ್ರ ಥಳಥಳ ಹೊಳೆಯಿತು. ಪ್ರತಿಸಲವೂ ಮರುದಿನ ಬೆಳಿಗ್ಗೆ ಚೌಕ.

“ಫ್ಯಾಕ್ಟರಿ ಸಿಮೆಂಟಿನ ಧೂಳು ಇರಬೇಕು,” ಎಂದ ಕೌಸ್ತುಭ.

“ದೃಷ್ಟಿ ತಾಕ್ಯದ,” ಎಂದು ಆಚಾರ್ಯರ ಹೆಂಡತಿ ಪದ್ಮಾಬಾಯಿ ಪೆಟ್ಟಿಗೆಯ ಮೇಲೆ ನಿಂಬೆಹಣ್ಣು ಇಟ್ಟರು.

ಆಚಾರ್ಯರಿಗೆ ಸತ್ಯ ಹೊಳೆದಿತ್ತು. “ಒಬ್ಬ ಕೆಡಸ್ತಾನ, ಇನ್ನೊಬ್ಬ ರಿಪೇರಿ ಮಾಡ್ತಾನ. ಇಬ್ಬರೂ ಕೂಡೇ ನಮಾಜಿಗೆ ಹೋಗೋರು. ಇದರಾಗ ತಿಳೀಲಾರದ್ದು ಏನದ?”

ಸೊಸೆ ಧನಶ್ರೀ ಬಾಗಿಲ ಮರೆಯಲ್ಲಿ ನಿಂತಿದ್ದಳು. ನಸುಕಿನಲ್ಲೇ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ನೀರು ಸೇದಿ, ಮಡಿಬಟ್ಟೆ ಒಣಹಾಕಿ, ಅಡುಗೆಗೆ ನಿಲ್ಲುವವಳು. ಮಾವನ ಮಾತಿನಲ್ಲಿ ಒಂದಕ್ಷರವನ್ನೂ ಮೀರದವಳು ಎಂದು ಓಣಿಗೆಲ್ಲ ಹೆಸರು.

“ಮಾವನವರ, ಒಂದಿನ ಮುಂಜಾನಿ ನೀವೇ ಮಾಳಗಿಗೆ ಬಂದು ನೋಡ್ರಿ.”

“ಇನ್ನ ನೀ ಕಲಸಬೇಕೇನು ನನಗ? ನಿನಗ ಹೇಳಿದ್ದಷ್ಟು ಮಾಡು.”

“ಹೂಂರಿ,” ಎಂದಳು. ಹೇಳಿದ್ದಷ್ಟು ಮಾಡಿದಳು.

ಭಾನುವಾರ ಪಡಸಾಲೆ ತುಂಬಿತು. ಅಮೀರ್ ಅಲಿಯನ್ನು ಆಚಾರ್ಯರು ತಾವೇ ಕರೆತಂದು ಹೊಸ್ತಿಲ ಹೊರಗೆ ಕೂಡಿಸಿದ್ದರು; ಅತಿಥಿಯೆಂದರೂ ಸೈ, ಜಾಮೀನೆಂದರೂ ಸೈ. ಬಂದೇಅಲಿ ನಟ್ಟು ಬಿಗಿಯುವ ಪಾನಾ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದ.

ಮಂಗಳವಾದ್ಯ ಮೊಳಗಿತು. ಆಚಾರ್ಯರ ಹೆಸರು ಬಂತು. ಆಚಾರ್ಯರು ಬಂದರು. ಚೌಕಚೌಕವಾಗಿ ಬಂದರು.

“ಪ್ರಾಣ ಹೋ... ಮಡಿ... ಬಿಡ...”

“ಆಚಾರ್ರ, ನಿಮ್ಮ ಮೂಗು ಕಿವಿ ಹಂತ್ಯಾಕ ಹೋಗ್ಯದರಿ,” ಎಂದಳು ಎದುರುಮನೆಯ ವಿಜಯಶ್ರೀ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

“ನಾ ಇಲ್ಲೇ ಕುಂತೀನ್ರಿ,” ಎಂದು ಅಮೀರ್ ಅಲಿ ಎರಡೂ ಕೈ ಎತ್ತಿದ. “ಬೇಕಾದ್ರ ಕಿಸೆ ನೋಡ್ರಿ.”

“ಮ್ಯಾಲ ಹೋಗ್ಲೇನ್ರಿ?” ಬಂದೇಅಲಿ ಕೇಳಿದ.

“ಅಯ್ಯ, ಮಡಿಬಟ್ಟಿ ಅವ!” ಪದ್ಮಾಬಾಯಿ ಅಡ್ಡ ನಿಂತರು.

ಆಚಾರ್ಯರು ಪರದೆ ನೋಡಿದರು. ಅವರ ಗಂಟಲು ಹಲ್ಲಿನ ಮೇಲೆ ಕುಳಿತಿತ್ತು. ಓಣಿಯನ್ನು ನೋಡಿದರು. ಓಣಿ ನಗುತ್ತಿತ್ತು.

“ಸುಡ್ಲಿ ಮಡಿ! ಹತ್ತೋ!”

“ತಡೀರಿ ಭಾಯಿ, ಬಟ್ಟಿ ತಗೀತೀನಿ,” ಎಂದು ಧನಶ್ರೀ ಮಡಿಗೋಲು ಹಿಡಿದು ಮುಂದಾಗಿ ಮೆಟ್ಟಿಲೇರಿದಳು.

ಬಂದೇಅಲಿ ಚಪ್ಪಲಿ ಬಿಡುವುದರೊಳಗೆ ಚೌಕಗಳೆಲ್ಲ ಕೂಡಿಕೊಂಡವು. ಮೂಗು ಮುಖಕ್ಕೆ ಬಂತು. ಪರದೆಯ ತುಂಬ ಆಚಾರ್ಯರು, ಬೆರಳೆತ್ತಿ, ಖಣಖಣ ದನಿಯಲ್ಲಿ: “ಪ್ರಾಣ ಹೋದರೂ ಸರಿಯೇ, ಮಡಿ ಬಿಡಬಾರದು!”

ಪಡಸಾಲೆ ಗೊಳ್ಳೆಂದಿತು. ಆಚಾರ್ಯರಿಗೆ ಅದು ಕೇಳಿಸಲಿಲ್ಲ. ಗೆದ್ದ ಖುಷಿಯಲ್ಲಿ ಬಂದೇಅಲಿಯ ರಟ್ಟೆ ಹಿಡಿದರು. “ಸಿಕ್ಕಿಬಿದ್ದಿ! ಏನ್ ಮಾಡಿದ್ಯೋ ಮ್ಯಾಲ? ಎಲ್ಲಾರ ಮುಂದ ಹೇಳು.”

“ನಾ ಇನ್ನಾ ಹತ್ತೇ ಇಲ್ರೀ ಸಾಹೇಬ್ರ.”

ಎಲ್ಲರ ಕಣ್ಣು ಮೆಟ್ಟಿಲ ಕಡೆ ತಿರುಗಿತು. ಧನಶ್ರೀ ಕೋಲಿನ ತುದಿಗೆ ನೀರು ತೊಟ್ಟಿಕ್ಕುವ ಧೋತ್ರವೊಂದನ್ನು ತೂಗಿಸಿಕೊಂಡು ಇಳಿಯುತ್ತಿದ್ದಳು.

“ನಿಮ್ಮ ಧೋತ್ರ ಯಾರಿಗೂ ತಾಕಬಾರದು, ಈ ಮನ್ಯಾಗ ಎಲ್ಲಾದರಕಿಂತ ಎತ್ತರ ಇರೋದರ ಮ್ಯಾಲ ಹಾಕು ಅಂತ ನೀವೇ ಹೇಳಿದ್ರಲ್ರಿ ಮಾವನವರ,” ಎಂದಳು, ತಲೆ ತಗ್ಗಿಸಿಯೇ. “ದಸರಾದಿಂದ ಡಿಶ್ಶಿಗೇ ಹೊಚ್ಚಲಿಕತ್ತೀನಿ.”