ಹನುಮಮ್ಮನ ಮಾತು

ಲೋಬಾನದ ಹೊಗೆಯ ನಡುವೆ ಜ್ಯೋತಿಲಕ್ಷ್ಮಿ ಕೂದಲು ಕೆದರಿಕೊಂಡು ತೂಗುತ್ತಿದ್ದಳು. ಎದುರಿಗೆ ನಜೀರ್ ಸಾಬ್ ನವಿಲುಗರಿಯ ಕಟ್ಟು ಹಿಡಿದು ಕೂತಿದ್ದರು. ಶಿಕಾರಿಪುರದಲ್ಲಿ ಹಾಸಿಗೆ ಹೊಲಿಯುವ ಮನುಷ್ಯ. ಗಾಳಿ ಸೋಕಿದವರಿಗೆ ತಾಯತ ಕಟ್ಟುವುದು ಅಪ್ಪನ ಕಾಲದಿಂದ ಬಂದದ್ದು.

"ಯಾರಮ್ಮಾ ನೀನು?"

"ಹನುಮಮ್ಮ."

ತಾಯಿ ಈಶ್ವರಮ್ಮ ಬೆಚ್ಚಿ ಮುಂದಕ್ಕೆ ಸರಿದಳು. ಆದರೂ ಅಷ್ಟು ಸುಲಭಕ್ಕೆ ನಂಬುವ ಹೆಂಗಸಲ್ಲ ಆಕೆ. ಕುರಿ ಕೊಳ್ಳಲು ಬರುವ ದಲ್ಲಾಳಿಗಳಿಗೇ ನೀರು ಕುಡಿಸಿದವಳು. ಹಿರಿಮಗಳು ಹನುಮಮ್ಮ ಬಟ್ಟೆ ಒಗೆಯಲು ಹೋಗಿ ಅಂಜನಾಪುರದ ನಾಲೆಗೆ ಬಿದ್ದು ಸತ್ತು ಇನ್ನೂ ವರ್ಷ ತುಂಬಿಲ್ಲ. ಈಗ ಕಿರಿಮಗಳ ಮೈಮೇಲೆ ಬಂದಿದ್ದಾಳಂತೆ!

"ಏನು ಬೇಕು, ಹೇಳು," ಎಂದರು ಸಾಬ್.

"ನನ್ನ ಕೂಸು ತಬ್ಬಲಿ ಆಗೇತಿ. ತಂಗೀನ ನನ್ನ ಮನೆ ತುಂಬಿಸ್ರಿ. ಇಲ್ಲಾಂದ್ರೆ ಇವಳನ್ನ ಬಿಡಂಗಿಲ್ಲ."

ಮೂಲೆಯಲ್ಲಿ ಅಳಿಯ ಯತೀಶ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಲೆ ತಗ್ಗಿಸಿ ಕೂತಿದ್ದ. "ನನಗೆ ಇನ್ನೊಂದು ಮದುವೆ ಬ್ಯಾಡ್ರಿ ಅತ್ತೆ," ಎಂದ. ಹೊಗೆಗೋ ದುಃಖಕ್ಕೋ, ಪಾಪ, ಕಣ್ಣು ಕೆಂಪಾಗಿದ್ದವು.

ಹನುಮಮ್ಮ ಕೊನೆಯ ಸಲ ತವರಿಗೆ ಬಂದಿದ್ದು ಈಶ್ವರಮ್ಮನಿಗೆ ನೆನಪಾಯಿತು. "ಜ್ಯೋತಿನ ವಾಪಸ್ ಕರೆಸ್ಕ ಅವ್ವಾ," ಎಂದಿದ್ದಳು, ಅಷ್ಟೇ. ಕೂಸನ್ನು ಆಡಿಸಲೆಂದು ತಾನೇ ಅಕ್ಕನ ಮನೆಗೆ ಕಳಿಸಿದ ಹುಡುಗಿ. ಅಕ್ಕತಂಗಿಯರ ಜಗಳ ಎಂದುಕೊಂಡು ಹನುಮಮ್ಮನನ್ನೇ ಬೈದು ಕಳಿಸಿದ್ದಳು. ಆವತ್ತು ಮಗಳ ಮಾತಿಗೆ ಕಿವಿಗೊಡಲಿಲ್ಲವಲ್ಲ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ.

ಒಂದು ಪರೀಕ್ಷೆ ಮಾಡಿಯೇಬಿಟ್ಟಳು. ಯತೀಶನತ್ತ ಕೈ ತೋರಿ, "ಇವ್ರು ಯಾರೇ?" ಎಂದಳು. ಜ್ಯೋತಿಯೇ ನಾಟಕ ಮಾಡುತ್ತಿದ್ದರೆ "ಭಾವ" ಎಂದು ಬಾಯಿ ತಪ್ಪಲೇಬೇಕು.

ತೂಗುತ್ತಿದ್ದ ತಲೆ ನಿಂತಿತು. ಕೈ ತಾನಾಗಿ ವೇಲನ್ನು ತಲೆಯ ಮೇಲೆ ಎಳೆದುಕೊಂಡಿತು.

"ನಮ್ಮನೇರು."

ಗಂಡನ ಹೆಸರು ಹೇಳದ ಹನುಮಮ್ಮ ಹೀಗೇ, ಇದೇ ರಾಗದಲ್ಲಿ ಅನ್ನುತ್ತಿದ್ದಳು. ಮದುವೆಯಾಗದ ಹುಡುಗಿಯ ಬಾಯಲ್ಲಿ ಆ ಮಾತು ಅಷ್ಟು ಸಲೀಸಾಗಿ ಬರುವುದುಂಟೇ? ಈಶ್ವರಮ್ಮ ಕರಗಿಹೋದಳು. "ಆತು ನನ್ನವ್ವಾ, ಈ ಸಲ ನಿನ್ನ ಮಾತು ಮೀರಲ್ಲ. ಜ್ಯೋತಿನ ಅವ್ರಿಗೇ ಕೊಡ್ತೀನಿ," ಎಂದು ಕೂಸಿನ ತಲೆ ಮುಟ್ಟಿ ಆಣೆ ಮಾಡಿದಳು.

ಸಾಬ್ ತಾಯತ ಕಟ್ಟಿ, ಹುಡುಗಿಯ ಮುಖಕ್ಕೆ ನೀರು ಚಿಮುಕಿಸಿದರು.

"ನಿನ್ನ ಹೆಸರೇನಮ್ಮಾ?"

"ಜ್ಯೋತಿ. ಏನಾತು? ನನಗೊಂದೂ ಗೊತ್ತಿಲ್ಲ."

ಸಾಬ್ ಈಶ್ವರಮ್ಮನನ್ನು ಪಕ್ಕಕ್ಕೆ ಕರೆದರು. "ಹನುಮಮ್ಮ ಹೋದ್ಲು, ಇನ್ನು ಬರಲ್ಲ. ಆಡಿದ್ದು ಯಾವುದೂ ಇವಳಿಗೆ ನೆನಪಿರಲ್ರೀ. ಮದುವೆ ಮಾತು ನಿಧಾನಕ್ಕೆ ನೀವೇ ಹೇಳ್ರಿ."

ಇನ್ನು ಬರಲ್ಲ ಎಂಬುದಕ್ಕೆ ಈಶ್ವರಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಆದರೂ ಮನಸ್ಸು ಹಗುರಾಗಿತ್ತು. ಯತೀಶ ಕೂಸನ್ನೆತ್ತಿಕೊಂಡು ಸಾಬರನ್ನು ಬಸ್ ಹತ್ತಿಸಲು ಹೋದ. ಭಾವನನ್ನೇ ಮದುವೆಯಾಗು ಅಂದರೆ ಈ ಹುಡುಗಿ ಎಷ್ಟು ಅಳುತ್ತಾಳೋ, ಹೇಗೆ ಹೇಳುವುದೋ ಎಂದು ಅಳುಕುತ್ತಲೇ ಈಶ್ವರಮ್ಮ ರೊಟ್ಟಿ ಬಡಿಸಿದಳು.

ಜ್ಯೋತಿ ಜಡೆ ಹಾಕಿಕೊಂಡು ಬಂದು ತಾಟಿನ ಮುಂದೆ ಕೂತಳು. ರೊಟ್ಟಿ ಮುರಿದವಳು ತುತ್ತು ಎತ್ತದೆ ಬಾಗಿಲ ಕಡೆ ನೋಡಿದಳು.

"ಅವ್ವಾ, ನಮ್ಮನೇರು ಉಂಡ್ರಾ?"