ಹಿಡಿ ಅಕ್ಕಿಯ ಕಲ್ಲು

ಇರಮ ಮೊರದಲ್ಲಿದ್ದ ಅಕ್ಕಿಯಿಂದ ಒಂದು ಹಿಡಿ ತೆಗೆದು, ಗೂಡಿನಲ್ಲಿದ್ದ ತಗಡಿನ ಡಬ್ಬಿಗೆ ಸದ್ದಿಲ್ಲದೆ ಸುರಿದಳು. ಸುರಿದ ಮೇಲೆ ನೆನಪಾಯಿತು. ಡಬ್ಬಿಯ ಕೆಲಸ ಹೋದ ವಾರವೇ ಮುಗಿದಿತ್ತು. ಕಲ್ಲು ಇವತ್ತು ಬರುವುದಿತ್ತು. ಹೊಸ್ತಿಲ ಬಳಿ ಕುಳಿತಿದ್ದ ಅಜ್ಜಿ ಫಕ್ರುನ್ನಿಸಾ ಅದನ್ನು ನೋಡಿ ನಕ್ಕಳು. ಭಾಲ್ಕಿಯ ಆ ಓಣಿಗೆಲ್ಲ ಅವಳು ದಾದಿ, ಅಂದರೆ ಅಜ್ಜಿ. ಬೆಳಗಿನಿಂದ ಮೂರು ಸಲ ಓಢಣಿ ಬದಲಿಸಿದ್ದಳು.

ನಲವತ್ತೊಂದು ವರ್ಷದ ಹಿಂದೆ ಔರಾದಕ್ಕೆ ಹೊರಟಿದ್ದ ಮದುವೆ ದಿಬ್ಬಣದ ಲಾರಿ ಮಗುಚಿ ಹನ್ನೊಂದು ಜನ ಸತ್ತಿದ್ದರು. ಎಲ್ಲರೂ ಗಂಡಸರು. ಅವರಲ್ಲಿ ಒಬ್ಬ, ಹಟ ಮಾಡಿ ಲಾರಿ ಹತ್ತಿದ್ದ ದಾದಿಯ ಮಗ ರಾಹೀಲ. ಅವನಿಗೆ ಆಗ ಆರು ವರ್ಷ. ಹಳೆಯ ಕಬರಸ್ತಾನದಲ್ಲಿ ಒಂದೇ ಸಾಲಿಗೆ ಮಣ್ಣು ಮಾಡಿದರು. ಮಳೆಗೆ ದಿಬ್ಬಗಳು ಕರಗಿ, ಯಾರದು ಯಾವುದೆಂದು ಗಂಡಸರಿಗೂ ತಿಳಿಯದಂತಾದಾಗ ಹನ್ನೊಂದೂ ಹೆಸರಿರುವ ಒಂದು ಕಲ್ಲು ನಿಲ್ಲಿಸಬೇಕೆಂದು ಓಣಿಯವರು ಕೂಡಿ ಮಾತಾಡಿದರು. ದುಡ್ಡಿನ ದಾರಿ ಹೇಳಿದವಳು ದಾದಿ. ಒಲೆ ಹಚ್ಚುವ ಮುಂಚೆ ಪ್ರತಿ ಮನೆಯಿಂದ ಒಂದು ಹಿಡಿ ಅಕ್ಕಿ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟಿದ್ದ ಇರಮ ಎರಡು ವರ್ಷ, ಗುರುವಾರಕ್ಕೊಮ್ಮೆ, ಅರವತ್ತು ಮನೆಗಳ ಮುಂದೆ ಚೀಲ ಹಿಡಿದು ನಿಂತಳು. ಆ ಅಕ್ಕಿಯನ್ನು ಓಣಿಯ ಹಿರಿಯರಾದ ಉಸ್ಮಾನ ಮಿಯಾ ತಮ್ಮ ಕಿರಾಣಿ ಅಂಗಡಿಯಲ್ಲಿ ಮಾರಿ ಕೊಟ್ಟರು.

ಹನ್ನೊಂದು ಗಂಟೆಗೆ ಬೀದರಿನಿಂದ ಟೆಂಪೊ ಬಂತು. ಹೆಂಗಸರು ಕಬರಸ್ತಾನದ ಒಳಗೆ ಹೋಗುವ ವಾಡಿಕೆ ಇಲ್ಲವೆಂದು, ಕಲ್ಲನ್ನು ಮೊದಲು ಓಣಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಲು ಉಸ್ಮಾನ ಮಿಯಾ ಒಪ್ಪಿದ್ದರು. ಗೋಣಿತಟ್ಟು ಸರಿಸಿದಾಗ ಟೆಂಪೊದ ಮೇಲೆ ಕರಿ ಕಲ್ಲು ಬಿಸಿಲಿಗೆ ಮಿಂಚಿತು. ಕೈಯಲ್ಲಿ ಹಿಟ್ಟು ಹತ್ತಿದವರು, ಕೂಸು ಎತ್ತಿಕೊಂಡವರು, ಎಲ್ಲರೂ ಓಡಿ ಬಂದರು. ಎದುರು ಮನೆಯ ವಹೀದಾ ಕಲ್ಲಿನ ಅಂಚನ್ನು ಚಿವುಟಿ ನೋಡಿದಳು.

"ನಮ್ಮ ಅಕ್ಕಿ ಉಂಡು ಎಷ್ಟು ದಪ್ಪ ಆಗ್ಯಾದ ನೋಡ್ರಿ."

ಹೆಂಗಸರು ನಕ್ಕರು. ಯಾರೋ ಸ್ಟೂಲು ತಂದರು. ದಾದಿ ಅದರ ಮೇಲೆ ಹತ್ತಿ ನಿಂತು ಎರಡೂ ಕೈ ಕಲ್ಲಿನ ಮೇಲೆ ಇಟ್ಟಳು. ಬಲಕ್ಕೆ ಉರ್ದು, ಎಡಕ್ಕೆ ಕನ್ನಡ. ಅವಳಿಗೆ ಎರಡೂ ಓದಲು ಬರುತ್ತಿರಲಿಲ್ಲ.

"ಎಲ್ಲಿದ್ದಾನ ಅಂವ?"

ಇರಮ ಅವಳ ಬೆರಳು ಹಿಡಿದು ಏಳನೆಯ ಸಾಲಿಗೆ ತಂದಳು. ದಾದಿ ಕೆತ್ತಿದ ಗೆರೆಯೊಳಗೆ ಬೆರಳು ಇಳಿಸಿ, ನಿಧಾನವಾಗಿ ಆ ತುದಿಯವರೆಗೆ ಹೋಗಿ ಬಂದಳು.

"ಎಲ್ಲಾ ದೊಡ್ಡವರ ನಡುವ ನಿಂತಾನ," ಅಂದಳು. ಮುಖವೆಲ್ಲ ಅರಳಿತ್ತು.

ಕಲ್ಲು ಕೆತ್ತಿದ ಮಚ್ಛೇಂದ್ರ ಟೆಂಪೊದಲ್ಲೇ ಬಂದಿದ್ದ. ಕಬರಸ್ತಾನದ ಗೇಟಿನಿಂದ ಕಾಣಬೇಕೆಂದು ದಾದಿ ಹೇಳಿ ಕಳಿಸಿದ್ದಕ್ಕೇ ಅಕ್ಷರ ಬೆರಳುದ್ದ ಕಡಿದು ಬಿಳಿ ಬಣ್ಣ ತುಂಬಿದ್ದಾಗಿ ಹೇಳಿದ.

"ಓದಾಕ ಬರದಿದ್ರೇನು, ಮ್ಯಾಲಿಂದ ಏಳನೇದು," ಅಂದಳು ದಾದಿ. "ಇಷ್ಟು ವರ್ಷ ಗೇಟಿನಾಗ ನಿಂತು ಹೂವ ಕೊಟ್ಟು ಕಳಿಸೀನಿ. ಈ ಶಬೆ ಬರಾತಕ್ಕ, ಗೋರಿಗೆ ಹೂವ ಹಾಕೋ ರಾತ್ರಿ, ಅಲ್ಲೇ ನಿಂತು ಎಣಿಸಿ ನೋಡ್ತೇನಿ."

ಟೆಂಪೊದ ಮುಂದುಗಡೆ ಗಂಡಸರೂ ಅಷ್ಟೇ ಹುರುಪಿನಲ್ಲಿದ್ದರು. ಉಸ್ಮಾನ ಮಿಯಾರ ಮಗ ಮುಬಶ್ಶೀರ ತಾನೇ ಬರೆದ ನಕ್ಷೆಯನ್ನು ಬಾನೆಟ್ಟಿನ ಮೇಲೆ ಹರಡಿ ತೋರಿಸುತ್ತಿದ್ದ. ಕಟ್ಟೆ ಇಲ್ಲಿ, ದೀಪ ಇಲ್ಲಿ, ಹೂವಿನ ಗಿಡ ಈ ಕಡೆ. ಕಲ್ಲಿನ ಮುಖ ಒಳಗೆ, ಗೋರಿಗಳ ಕಡೆ. ಸತ್ತವರಿಗಾಗಿ ಫಾತಿಹಾ ಓದುವವರ ಎದುರಿಗೇ ಹೆಸರು ಬರುತ್ತದೆ. ಎಲ್ಲರೂ ಹೌದು ಹೌದು ಅಂದರು. ಕಟ್ಟೆಯಲ್ಲಿ ಬಿಟ್ಟ ಸಂದಿಗೆ ಕಲ್ಲು ಯಾವ ಕಡೆ ತಿರುಗಿಸಿ ಇಳಿಸಿದರೂ ಸರಿಯಾಗಿ ಕೂರುತ್ತದೆ, ಚಿಂತೆಯಿಲ್ಲ ಎಂದು ಮಚ್ಛೇಂದ್ರ ಹೇಳಿ ಹಗ್ಗ ಬಿಗಿಯತೊಡಗಿದ.

ಇರಮ ದಾದಿಯ ಸ್ಟೂಲು ಹಿಡಿದೇ ಕತ್ತು ಚಾಚಿ ನಕ್ಷೆ ನೋಡಿದಳು. ಗೇಟಿನ ಗುರುತು ಒಂದು ಕಡೆ ಇತ್ತು. ಕಲ್ಲಿನ ಮುಖದ ಬಾಣ ಅದಕ್ಕೆ ಬೆನ್ನು ಮಾಡಿ ಇನ್ನೊಂದು ಕಡೆಗೆ ಹೊರಟಿತ್ತು. ಅವಳು ಮತ್ತೊಮ್ಮೆ ನೋಡಿದಳು. ಆಮೇಲೆ ಸ್ಟೂಲನ್ನು ವಹೀದಾಳ ಕೈಗೆ ಕೊಟ್ಟು ಬಾನೆಟ್ಟಿನ ಹತ್ತಿರ ನಡೆದಳು.

ಅರವತ್ತು ಮನೆಗಳಿಗೆ ಅವಳು ಬಡಿಯುವ ಚಿಲಕದ ಸದ್ದು ಗೊತ್ತಿತ್ತು, ದನಿ ಗೊತ್ತಿರಲಿಲ್ಲ. ಗಂಡಸರು ಅವಳಿಗೆ ದಾರಿ ಬಿಟ್ಟು ಸರಿದರು, ಚಹಾದ ಕಪ್ಪು ಒಯ್ಯಲು ಬಂದಿದ್ದಾಳೆ ಅಂದುಕೊಂಡು. ಅವಳು ನಕ್ಷೆಯಲ್ಲಿ ಗೇಟಿನ ಗುರುತಿನ ಮೇಲೆ ಬೆರಳಿಟ್ಟಳು.

"ಚಾಚಾ, ಇಲ್ಲಿಂದ ದಾದಿಗೆ ಕಲ್ಲಿನ ಬೆನ್ನು ಕಾಣ್ತದ. ಮಾರಿ ಗೇಟಿನ ಕಡಿ ಮಾಡಿ ನಿಲ್ಲಸ್ರಿ."

ಮುಬಶ್ಶೀರ ಹಾಳೆಯನ್ನೇ ನೋಡುತ್ತ ನಿಂತ. ಮಚ್ಛೇಂದ್ರನ ಕೈಯಲ್ಲಿ ಹಗ್ಗ ಹಾಗೇ ಉಳಿಯಿತು. ಉಸ್ಮಾನ ಮಿಯಾ ಟೊಪ್ಪಿ ತೆಗೆದರು, ತಲೆ ಸವರಿಕೊಂಡರು, ಮತ್ತೆ ಹಾಕಿಕೊಂಡರು. ಹಿಂದೆ ದಾದಿ, ಕಣ್ಣು ಕಿರಿದು ಮಾಡಿ, ದೂರದಿಂದ ನೋಡುವವಳ ಹಾಗೆ, ವಹೀದಾಳಿಗೆ ಜೋರಾಗಿ ಸಾಲು ಎಣಿಸಿ ತೋರಿಸುತ್ತಿದ್ದಳು.

ಇರಮ ಬೆರಳು ತೆಗೆಯಲಿಲ್ಲ.

"ಗೇಟಿನ ಕಡಿ ಮಾಡ್ರಿ, ಚಾಚಾ. ನಾವು ನಿಲ್ಲೋದು ಅಲ್ಲೇ."